ಕಥೆ ನಿಂತ ಮೇಲೂ ಬಂದ ಹೂಂ

ಆಗ ನಾವು ಲೀಡ್ಸಿನ ಹೆಡಿಂಗ್ಲೀಯಲ್ಲಿ ಬಾಡಿಗೆಗಿದ್ದೆವು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮನೆಯ ಹತ್ತಿರದ ಲೈಬ್ರರಿಯಿಂದ ನನ್ನ ಮಗಳು ಒಂದು ದಿನ ಇಟ್ಟಿಗೆಯಷ್ಟು ದಪ್ಪದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಎದೆಗವಚಿಕೊಂಡು ಬಂದಳು. ಒಳಗೆಲ್ಲ ಸಿಡಿಗಳು. ಪುಸ್ತಕವೊಂದನ್ನು ಮೊದಲಿಂದ ಕೊನೆಯವರೆಗೆ ಓದಿ ಧ್ವನಿಮುದ್ರಿಸಿದ್ದು. ಮನೆಯಲ್ಲಿದ್ದ ಪ್ಲೇಯರ್ ಕೆಟ್ಟಿದ್ದರಿಂದ ಅದು ಕಾರಿಗೆ ಹೋಯಿತು, ಲೈಬ್ರರಿಯ ಅವಧಿ ಮುಂದೂಡಿಸುತ್ತಾ ಕಾರಿನಲ್ಲೇ ಉಳಿಯಿತು.

ಕಥೆ ಸರಳವಾಗಿತ್ತು. ಹುಡುಗಿಯೊಬ್ಬಳ ತಮ್ಮ ಕಂಪ್ಯೂಟರ್ ಆಟದೊಳಗೆ ಬಿದ್ದು ಕಳೆದುಹೋಗುತ್ತಾನೆ. ಅವನನ್ನು ಹುಡುಕಿಕೊಂಡು ಅವಳೂ ಒಳಗೆ ಇಳಿಯುತ್ತಾಳೆ. ಅಲ್ಲೊಂದು ದೊಡ್ಡ ಲೋಕ, ಕೋಟೆಗಳು, ಸರೋವರಗಳು, ಮಾತಾಡುವ ಸೇತುವೆಗಳು. ಅವಳ ಮಣಿಕಟ್ಟಿನಲ್ಲಿ ಮೂರು ಪುಟ್ಟ ದೀಪಗಳು, ಒಂದೊಂದು ದೀಪ ಒಂದೊಂದು ಜೀವ. ಸತ್ತರೆ ಒಂದು ದೀಪ ಆರುತ್ತದೆ, ಅವಳು ಮತ್ತೆ ಮೊದಲ ಊರಿನ ಬಾಗಿಲಲ್ಲಿ ನಿಂತಿರುತ್ತಾಳೆ. ಇಷ್ಟನ್ನೂ ಒಬ್ಬನೇ ಗಂಡಸು ಓದುತ್ತಿದ್ದ. ಹುಡುಗಿಯ ದನಿಯೂ ಅವನದೇ, ರಾಕ್ಷಸನ ದನಿಯೂ ಅವನದೇ.

ನನ್ನ ಮಗಳಿಗೆ ಕೆಲವೇ ವಾರಗಳಲ್ಲಿ ಅರ್ಧ ಕಥೆ ಬಾಯಿಪಾಠವಾಯಿತು. ಓದುವವನಿಗಿಂತ ಮೊದಲೇ ಮಾತುಗಳನ್ನು ಹೇಳಿಬಿಡುತ್ತಿದ್ದಳು. ದೀಪ ಆರುವ ಜಾಗ ಬಂದಾಗ ಮಾತ್ರ ಎರಡೂ ಕಿವಿ ಮುಚ್ಚಿಕೊಂಡು, 'ಮುಗೀತಾ?' ಎಂದು ಕಣ್ಣಲ್ಲೇ ಕೇಳುತ್ತಿದ್ದಳು. ನನ್ನ ಗಂಡ ಆಸ್ಪತ್ರೆಯಲ್ಲಿ ರಿಜಿಸ್ಟ್ರಾರ್ ದರ್ಜೆಯ ಡಾಕ್ಟರ್ ಆಗಿದ್ದರು. ಅವರಿಗೆ ಇದೆಲ್ಲ ತಮಾಷೆ. "ಸತ್ತವರು ಎದ್ದು ಬರೋ ದೀಪ ಇದ್ರೆ ನಮ್ಮ ವಾರ್ಡಿಗೊಂದು ಡಜನ್ ಕಳಿಸೋಕೆ ಹೇಳು" ಎನ್ನುತ್ತಿದ್ದರು. ಆದರೆ ಮನೆ ಮುಂದೆ ಕಾರು ನಿಲ್ಲಿಸಿದ ಮೇಲೆ, ಅಧ್ಯಾಯ ಮುಗಿಯುವವರೆಗೂ ಸ್ಟಿಯರಿಂಗ್ ಮೇಲೆ ಕೈಯಿಟ್ಟು ಕೂತೇ ಇರುತ್ತಿದ್ದರು. ನಾನು ಎಂಜಿನಿಯರಿಂಗ್ ಓದಿದವಳು, ಊರೊಳಗಿನ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಇಡೀ ದಿನ ಬೇರೆಯವರ ತಪ್ಪು ಹುಡುಕಿ ಬಂದವಳಿಗೆ ಆ ಕಥೆಯಲ್ಲಿ ತಪ್ಪು ಹುಡುಕುವ ಮನಸ್ಸಾಗುತ್ತಿರಲಿಲ್ಲ.

ಆ ವರ್ಷ ನನ್ನ ಅತ್ತೆ ಆರು ತಿಂಗಳಿಗೆಂದು ಮೈಸೂರಿನಿಂದ ಬಂದರು. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಸಾರಿಗೆ ಉಪ್ಪು ಸರಿಯಾಯಿತೇ, ಹೀಟಿಂಗ್ ಹಾಕಲೇ, ಅಷ್ಟೇ. ಕಾರಿನಲ್ಲಿ ಅವರು ಶಾಲು ಹೊದ್ದು, ಕಾಲುಚೀಲದ ಮೇಲೆ ಚಪ್ಪಲಿ ಮೆಟ್ಟಿ, ಮೊಮ್ಮಗಳ ಪಕ್ಕ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಮೊದಲ ಸಲ ಆ ಸಿಡಿ ಕೇಳಿದಾಗ ಮುಂದಕ್ಕೆ ಬಗ್ಗಿ ನನ್ನ ಭುಜ ಮುಟ್ಟಿದರು.

"ಏನಂತೆ ಅವನ ಗೋಳು?"

ನಾನು ಪಾಝ್ ಗುಂಡಿ ಒತ್ತಿ ಸಿಡಿ ನಿಲ್ಲಿಸಿ, ಹಿಂದಕ್ಕೆ ತಿರುಗಿ, ಅಲ್ಲಿಯವರೆಗಿನ ಕಥೆ ಹೇಳಿದೆ. ಅವರು ಪ್ರತಿ ವಾಕ್ಯಕ್ಕೂ "ಹೂಂ" ಎಂದರು. ಅಜ್ಜಿಯಂದಿರಿಂದ ಕಥೆ ಕೇಳಿ ಬೆಳೆದವರೆಲ್ಲ ಹೂಂಗುಟ್ಟುವ ಹಾಗೆ. ನನಗೆ ಹೇಳುವ ಹುಮ್ಮಸ್ಸು ಬಂದುಬಿಟ್ಟಿತು. ಇಲ್ಲದ್ದನ್ನೂ ಸೇರಿಸಿ ಹೇಳಿದೆ. ರಾಕ್ಷಸನಿಗೆ ಮೀಸೆ ಕೊಟ್ಟೆ, ಸೇತುವೆಗೆ ನಮ್ಮ ಕಡೆಯ ಮಾತು ಕೊಟ್ಟೆ.

"ಮೂರು ಜೀವ ಅಂತೀಯಲ್ಲ, ಮೂರನ್ನೂ ಅವಳೇ ಇಟ್ಕೊಂಡು ಏನ್ ಮಾಡ್ತಾಳೆ? ತಮ್ಮನಿಗೊಂದು ಕೊಡಬಾರದಾ?" ಎಂದರು ಅತ್ತೆ.

"ಅಜ್ಜೀ, ಇಟ್ ಡಸಂಟ್ ವರ್ಕ್ ಲೈಕ್ ದಟ್" ಎಂದಳು ಮಗಳು.

"ನೀನು ಸುಮ್ನಿರು. ಜಿಪುಣಿ ಅವಳು." ಆಮೇಲೆ ಪ್ಲೇಯರ್ ಕಡೆ ಗಲ್ಲ ಎತ್ತಿ, "ಅಲ್ಲ, ಈ ಮಹಾರಾಯ ಯಾರೂ ಹೂಂ ಅನ್ನದೆ ಒಬ್ಬನೇ ಹೇಗೆ ಹೇಳ್ತಾ ಹೋಗ್ತಾನೆ? ಕೇಳೋರು ಎದ್ದಿದ್ದಾರೋ ಮಲಗಿದ್ದಾರೋ ಇವನಿಗೇನು ಗೊತ್ತಾಗುತ್ತೆ?" ಎಂದರು.

ಅವರ ಲೆಕ್ಕದಲ್ಲಿ ಹೂಂ ನಿಂತರೆ ಕಥೆಯೂ ನಿಲ್ಲಬೇಕು. ಹೂಂ ಇದ್ದಷ್ಟು ಹೊತ್ತು ಕೇಳುವವರು ಎಚ್ಚರವಾಗಿದ್ದಾರೆ ಎಂದು ಅರ್ಥ. ಅಂದಿನಿಂದ ನಮ್ಮ ಕಾರಿನಲ್ಲಿ ಅದೇ ಕಾಯಿದೆಯಾಯಿತು. ಸಿಡಿ ಸ್ವಲ್ಪ ಓಡುವುದು, ನಾನು ನಿಲ್ಲಿಸಿ ಕನ್ನಡದಲ್ಲಿ ಹೇಳುವುದು, ಮೂವರೂ ಹೂಂಗುಟ್ಟುವುದು. ನನ್ನ ಗಂಡನ ಹೂಂ ಗಂಟಲಿನ ಆಳದಿಂದ, ಒಂದು ತಾಳಕ್ಕೆ ಬರುತ್ತಿತ್ತು. ಮಗಳದು ಮೂಗಿನಲ್ಲಿ. ಅತ್ತೆ ನನ್ನನ್ನು ಮೆಚ್ಚಿಕೊಳ್ಳಲು ಶುರುಮಾಡಿದ್ದು ಆಗಲೇ. "ಇವಳಿಗೆ ಚೆನ್ನಾಗಿ ಹೇಳೋಕೆ ಬರುತ್ತೆ" ಎಂದು ಫೋನಿನಲ್ಲಿ ಯಾರಿಗೋ ಹೇಳಿದ್ದನ್ನು ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಿದ್ದೆ.

ಚಳಿಗಾಲ ಮುಗಿಯುತ್ತಿದ್ದಾಗ, ಸ್ಟಾಕ್‌ಪೋರ್ಟಿನಲ್ಲಿ ನನ್ನ ಗಂಡನ ಸೀನಿಯರ್ ಒಬ್ಬರು ಮನೆ ಕೊಂಡರು. ಗೃಹಪ್ರವೇಶ, ಜೊತೆಗೆ ಸತ್ಯನಾರಾಯಣ ಪೂಜೆ. ಮೆಡಿಕಲ್ ಕಾಲೇಜಿನಿಂದ ಪರಿಚಯ, ತಪ್ಪಿಸುವಂತಿಲ್ಲ. ಹಿಂದಿನ ರಾತ್ರಿ ನನ್ನ ಗಂಡನಿಗೆ ನೈಟ್ ಡ್ಯೂಟಿ ಇತ್ತು. ಬೆಳಿಗ್ಗೆ ಮನೆಗೆ ಬಂದವರು ಸ್ನಾನ ಮಾಡಿ, ಕಾಫಿ ಕುಡಿದು, ಜುಬ್ಬಾ ಹಾಕಿಕೊಂಡರು.

"ರೀ, ಸ್ವಲ್ಪ ಹೊತ್ತು ಮಲಗಿ. ಊಟಕ್ಕೆ ಹೋದ್ರಾಯ್ತು."

"ಪೂಜೆ ತಪ್ಪಿಸಿ ಊಟಕ್ಕೆ ಹೋಗೋದಾ? ಚೆನ್ನಾಗಿರುತ್ತೆ. ಅಲ್ಲಿ ಹೋಗಿ ಮಲಗ್ತೀನಿ ಬಿಡು. ಎಲ್ಲರೂ ಹಾಗೇ ಮಾಡೋದು."

ನಿಜ, ನೈಟ್ ಡ್ಯೂಟಿ ಮುಗಿಸಿದ ಡಾಕ್ಟರುಗಳೆಲ್ಲ ಹಾಗೇ ಗಾಡಿ ಓಡಿಸುತ್ತಿದ್ದರು. ನನಗೆ ಇಲ್ಲಿನ ಡ್ರೈವಿಂಗ್ ಟೆಸ್ಟ್ ಇನ್ನೂ ಪಾಸಾಗಿರಲಿಲ್ಲ.

ಮೋಟಾರುದಾರಿ ಗುಡ್ಡಗಳ ಮೇಲೆ ಹತ್ತುವಲ್ಲಿ ಮಂಜು ತುಂಡುತುಂಡಾಗಿ ಹರಡಿತ್ತು. ಕಥೆಯಲ್ಲಿ ಹುಡುಗಿ ಸರೋವರ ದಾಟುತ್ತಿದ್ದಳು. ಅಲ್ಲಿ ಎರಡನೆಯ ದೀಪ ಆರಿತು. ಮಗಳು ಕಿವಿ ಮುಚ್ಚಿಕೊಂಡಳು. ನಾನು ಪಾಝ್ ಒತ್ತಿ ಹಿಂದಕ್ಕೆ ತಿರುಗಿದೆ. ದೋಣಿಯವನು ಮೋಸಗಾರ ಎಂದು ಹೇಳಿದೆ. ಹೂಂ. ನಡುನೀರಿನಲ್ಲಿ ಅವನು ದೋಣಿ ಮಗುಚಿದ. ಹೂಂ. ಅವಳಿಗೆ ಈಜು ಬರುತ್ತಿರಲಿಲ್ಲ. ಹೂಂ. ಮೂರು ದನಿಯ ಹೂಂ, ಎಂದಿನಂತೆ.

"ಈಜು ಬರದೆ ದೋಣಿ ಹತ್ತಿದ್ದೇ ತಪ್ಪು" ಎಂದು ಅತ್ತೆ ತೀರ್ಪು ಕೊಟ್ಟರು. ನಾನು ನಕ್ಕು, ಚೀಲದಿಂದ ಕಿತ್ತಳೆ ತೆಗೆದು ಸುಲಿಯತೊಡಗಿದೆ. ಕಥೆ ಅಲ್ಲಿಗೆ ನಿಂತಿತ್ತು. ಸಿಡಿಯೂ ನಿಂತಿತ್ತು. ಯಾರೂ ಮಾತಾಡುತ್ತಿರಲಿಲ್ಲ. ಕಿತ್ತಳೆ ಸಿಪ್ಪೆಯ ವಾಸನೆ, ಚಕ್ರದ ಸದ್ದು, ಅಷ್ಟೇ.

"ಹೂಂ" ಎಂದರು ನನ್ನ ಗಂಡ.

ನಾನು ನಕ್ಕುಬಿಟ್ಟೆ. "ನೋಡಿ ಅತ್ತೆ, ಕಥೆ ಇಲ್ಲದೇ ಇದ್ರೂ ನಿಮ್ಮ ಮಗ ಹೂಂಗುಡ್ತಾರೆ."

ಅತ್ತೆ ನಕ್ಕರು. ಮಗಳೂ ನಕ್ಕಳು. ನಮ್ಮ ನಗೆಯ ನಡುವೆ ಅದೇ ತಾಳಕ್ಕೆ ಮತ್ತೊಂದು "ಹೂಂ" ಬಂತು. ಇನ್ನೂ ಜೋರಾಗಿ ನಕ್ಕೆವು.

ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಬಟ್ಟೆ ಒಣಹಾಕುವಾಗ, ಆಫೀಸಿನ ಲಿಫ್ಟಿನಲ್ಲಿ ಒಬ್ಬಳೇ ನಿಂತಾಗ, ಯಾವ ಕಾರಣವೂ ಇಲ್ಲದೆ ಬರುತ್ತದೆ. ಮೂರು ತಲೆಮಾರಿನ ಹೆಂಗಸರು ಕಾರಿನಲ್ಲಿ ಕೂತು, ನಿದ್ದೆಹೋದ ಗಂಡಸನ್ನು ನೋಡಿ ನಗುತ್ತಿದ್ದೇವೆ, ಕಾರು ಎಡಕ್ಕೆ ವಾಲುತ್ತಿದೆ.

ನನ್ನ ಕಡೆಯ ಚಕ್ರದಡಿ ರಸ್ತೆಯಂಚಿನ ಉಬ್ಬುಗೆರೆ ಗರಗರ ಎಂದಿತು. ತಲೆ ಎತ್ತಿದೆ. ಮಂಜಿನೊಳಗೆ, ತುರ್ತಿಗೆ ನಿಲ್ಲಲೆಂದಿರುವ ಹಾರ್ಡ್ ಶೋಲ್ಡರ್ ಪಟ್ಟಿಯ ಮೇಲೆ, ಕೆಟ್ಟು ನಿಂತ ಬಿಳಿ ವ್ಯಾನೊಂದರ ಹಿಂಭಾಗ. ಅದರ ಪಕ್ಕ ಹೊಳೆಯುವ ಹಳದಿ ಕೋಟಿನ ಮನುಷ್ಯ ಬಗ್ಗಿ ಚಕ್ರ ಬಿಚ್ಚುತ್ತಿದ್ದ. ನಾನು ಏನೆಂದು ಕೂಗಿದೆನೋ ತಿಳಿಯದು. 'ರೀ' ಎಂದಿರಬೇಕು. ಆ ಮನುಷ್ಯ ಬೇಲಿ ಹಾರಿದ್ದು ಕಂಡಿತು. ನನ್ನ ಗಂಡ ಎಚ್ಚೆತ್ತು ಸ್ಟಿಯರಿಂಗ್ ಬಲಕ್ಕೆ ಎಳೆದರು. ನನ್ನ ಕಿಟಕಿಯ ಹೊರಗಿದ್ದ ಕನ್ನಡಿ ವ್ಯಾನಿಗೆ ತಾಗಿ ಸಿಡಿಯಿತು. ಹಿಂದಿನಿಂದ ಲಾರಿಯೊಂದರ ಹಾರ್ನ್ ನಮ್ಮ ಮೈಮೇಲೇ ಬಂದಂತೆ ಬಂದು, ಹಾದು, ಮುಂದಕ್ಕೆ ಹೋಯಿತು. ಕಾರು ಮತ್ತೆ ಎಡಕ್ಕೆ ಬಂದು ಎಲ್ಲೋ ನಿಂತಿತು. ನನ್ನ ಮುಷ್ಟಿಯಲ್ಲಿ ಕಿತ್ತಳೆ ಹಿಂಡಿಹೋಗಿ ರಸ ಸೀರೆಯ ಮೇಲೆ ಇಳಿಯುತ್ತಿತ್ತು.

ಯಾರಿಗೂ ಗಾಯವಾಗಿರಲಿಲ್ಲ. ಮಗಳು ತನ್ನ ಬರಿಯ ಮಣಿಕಟ್ಟನ್ನು ನೋಡಿಕೊಳ್ಳುತ್ತಿದ್ದಳು.

"ಅಮ್ಮಾ, ವಾಸ್ ದಟ್ ಒನ್?"

ಒಂದು ಜೀವ ಹೋಯಿತೇ ಎಂದು ಅವಳು ಕೇಳುತ್ತಿದ್ದಳು.

ಹಳದಿ ಕೋಟಿನವನು ನಡೆದು ಬಂದ. ಬೈಯುತ್ತಾನೆ ಎಂದುಕೊಂಡೆ. ವಯಸ್ಸಾದವನು. ಕೈಗವಸುಗಳನ್ನು ತೆಗೆದು ತೆಗೆದು ಹಾಕುತ್ತಿದ್ದ. ನನ್ನ ಕಿಟಕಿಯ ಹತ್ತಿರ ಬಗ್ಗಿದ.

"ಅವನು ನಿದ್ದೆ ಮಾಡ್ತಿದ್ದನಾ, ಲವ್?" ಆ ಕಡೆಯವರು ಗುರುತಿಲ್ಲದ ಹೆಂಗಸರನ್ನೂ ಹಾಗೇ ಕರೆಯುತ್ತಾರೆ.

"ಇಲ್ಲ, ನಮಗೆ ಉತ್ತರ ಕೊಡ್ತಿದ್ರು" ಎಂದೆ, ಅವನ ಭಾಷೆಯಲ್ಲಿ.

"ಏನಂತ?"

"ಎಸ್ ಅಂತ."

"ಯಾವುದಕ್ಕೆ ಎಸ್?"

ಅದನ್ನು ಹೇಗೆ ಹೇಳುವುದು? ರಾಕ್ಷಸ, ದೋಣಿ, ದೀಪ, ಹೂಂ. ಇದೆಲ್ಲ ಒಬ್ಬ ಮನುಷ್ಯ ನಮ್ಮ ಚಕ್ರದಡಿ ಸಿಗಲಿದ್ದುದಕ್ಕೆ ಕಾರಣ ಎಂದು ಅವನ ಮುಖ ನೋಡಿ ಹೇಳುವುದು ಹೇಗೆ? ನನ್ನ ಹಣೆಯ ಕುಂಕುಮ, ರೇಷ್ಮೆ ಸೀರೆ, ಕಾಲ ಬಳಿ ಇದ್ದ ತೆಂಗಿನಕಾಯಿ, ಎಲ್ಲವನ್ನೂ ಅವನು ನೋಡಿದ. ನನ್ನ ಗಂಡ ಇಳಿದು "ಐ ಆಮ್ ಸಾರಿ, ಐ ಆಮ್ ಎ ಡಾಕ್ಟರ್, ಆರ್ ಯೂ ಹರ್ಟ್?" ಎಂದರು. ಡಾಕ್ಟರ್ ಎಂಬ ಮಾತು ಕೇಳಿ ಆತ ಇನ್ನೊಂದು ಸಲ ಅವರ ಮುಖ ನೋಡಿದ. ಆ ನೋಟ ಬೈಗುಳಕ್ಕಿಂತ ಕೆಟ್ಟದಾಗಿತ್ತು. ಫೋನ್ ನಂಬರು ಬರೆದುಕೊಂಡು, "ಮೊದಲು ಸ್ವಲ್ಪ ಗಾಳಿ ಕುಡಿ, ಮಗು ಇದೆ ಒಳಗೆ" ಎಂದಷ್ಟೇ ಹೇಳಿ ಹೋದ.

ಕಾರು ಮತ್ತೆ ಚಾಲೂ ಮಾಡಿದಾಗ ಪ್ಲೇಯರ್ ತಾನೇ ಶುರುವಾಯಿತು. ಓದುವವನು ಏನೂ ಆಗದವನಂತೆ, ಹುಡುಗಿ ಮೊದಲ ಊರಿನ ಬಾಗಿಲಲ್ಲಿ ಕಣ್ಣು ಬಿಟ್ಟಳು ಎಂದ. ಅತ್ತೆ ಹಿಂದಿನಿಂದ "ಆರಿಸೇ ಅದನ್ನ" ಎಂದು ಕಿರುಚಿದರು. ಅವರು ಕಿರುಚಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಸ್ಟಾಕ್‌ಪೋರ್ಟಿನ ಮನೆಯಲ್ಲಿ ಪೂಜೆ ನಡೆಯುತ್ತಿತ್ತು. ಪುರೋಹಿತರು ಸಿಕ್ಕಿರಲಿಲ್ಲ, ಕ್ಯಾಸೆಟ್ಟೇ ಪುರೋಹಿತ. "ಈಗ ಹೂವು ಏರಿಸಿ" ಎಂದು ಟೇಪಿನಲ್ಲಿ ಹೇಳುವಷ್ಟರಲ್ಲಿ ಮನೆಯವರಿಗೆ ಹೂವಿನ ತಟ್ಟೆ ಸಿಗುತ್ತಿರಲಿಲ್ಲ. "ಲೋ, ನಿಲ್ಲಿಸ್ರೋ ಭಟ್ಟರನ್ನ!" ಎಂದು ಯಜಮಾನರು ಕೂಗುತ್ತಿದ್ದರು, ಎಲ್ಲರೂ ನಗುತ್ತಿದ್ದರು. ಆ ನಗು ಕೇಳಲಾರದೆ ನಾನು ಅಡುಗೆಮನೆಗೆ ಹೋಗಿ ಸೀರೆಯ ಮೇಲಿನ ಕಿತ್ತಳೆ ಕಲೆ ತೊಳೆದುಕೊಂಡೆ.

ಊಟಕ್ಕೆ ಕೂತಾಗ ಕನ್ನಡಿಯ ಮಾತು ಬಂತು.

"ಏನಯ್ಯಾ, ಕಾರಿನ ಕಿವಿ ಕಿತ್ಕೊಂಡು ಬಂದಿದೀಯ?" ಎಂದರು ಯಜಮಾನರು.

"ಮಂಜು ಸರ್. ಒಬ್ಬ ಲಾರಿಯವನು ಅಡ್ಡ ಬಂದುಬಿಟ್ಟ" ಎಂದರು ನನ್ನ ಗಂಡ. ತಲೆ ಎತ್ತದೆ ಚಿತ್ರಾನ್ನ ಕಲಸುತ್ತಿದ್ದರು.

ಮಗಳು ಹಪ್ಪಳ ಕೆಳಗಿಟ್ಟಳು. "ನೋ. ಡ್ಯಾಡಿ ವಾಸ್ ಅಸ್ಲೀಪ್. ಹಿ ವಾಸ್ ಡೂಯಿಂಗ್ ಹೂಂ ಇನ್ ಹಿಸ್ ಸ್ಲೀಪ್."

"ಬರೀ ಕಥೆ ಕೇಳಿ ಕೇಳಿ ಇವಳಿಗೆ ಎಲ್ಲಾ ಕಥೆಯೇ" ಎಂದು ನನ್ನ ಗಂಡ ನಕ್ಕರು.

"ಅವನು ಎದ್ದೇ ಇದ್ದ ಪುಟ್ಟಿ" ಎಂದರು ಅತ್ತೆ. "ಹೂಂ ಅಂತಿದ್ದನಲ್ಲ, ನಾನೇ ಕೇಳಿಸ್ಕೊಂಡೆ."

ಮಗಳು ನನ್ನ ಕಡೆ ನೋಡಿದಳು. ದೀಪ ಆರುವಾಗ ನೋಡುವ ಅದೇ ನೋಟ.

"ಕಥೆ ನಿಂತಿತ್ತು ಅತ್ತೆ" ಎಂದೆ ನಾನು. "ನಿಂತ ಮೇಲೂ ಹೂಂ ಅಂದ್ರು. ನಿದ್ದೆ ಮಾಡ್ತಿದ್ರು."

ಆ ಕೋಣೆಯಲ್ಲಿದ್ದ ಗಂಡಸರಲ್ಲಿ ಹೆಚ್ಚಿನವರು ಡಾಕ್ಟರುಗಳು. ಯಜಮಾನರು "ಪಾಯಸ ತನ್ನಿ" ಎಂದರು, ಪಾಯಸ ಆಗಲೇ ಎಲೆಗೆ ಬಂದಿತ್ತು. ನನ್ನ ಗಂಡನ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ. ಬೇರೆಯವರೆದುರು ಅವರನ್ನು ಹಾಗೆ ಕೂರಿಸಿದ್ದಕ್ಕೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ನಾಚಿಕೆ, ಒಂದು ಜೀವದ ವಿಷಯ ಯಾರ ಮಾನ ಹೋಯಿತು ಎಂಬಲ್ಲಿಗೆ ಬಂದು ನಿಂತದ್ದಕ್ಕೆ. ಹಳದಿ ಕೋಟಿನವನು ಇನ್ನೂ ಆ ಗುಡ್ಡದ ಮೇಲೆ ತನ್ನ ಚಕ್ರದ ಪಕ್ಕ ಇದ್ದಿರಬಹುದು, ನಾವು ಎಲೆಯ ಮುಂದೆ ಮರ್ಯಾದೆಯ ಚಿಂತೆ ಮಾಡುತ್ತಿದ್ದೆವು.

ಊಟವಾದ ಮೇಲೆ ನನ್ನ ಗಂಡ ಮಹಡಿಯ ಕೋಣೆಯಲ್ಲಿ ಸಂಜೆಯವರೆಗೆ ಮಲಗಿದರು. ಹಿಂತಿರುಗುವಾಗ ನಾನು ಇಡೀ ದಾರಿ ಅವರ ಕಣ್ಣನ್ನೇ ನೋಡುತ್ತಿದ್ದೆ. ಅವರಿಗೆ ಅದು ಗೊತ್ತಿತ್ತು.

ಮನೆಯಲ್ಲಿ ಆ ವಿಷಯ ಮುಚ್ಚಿಹೋಯಿತು. ಕನ್ನಡಿ ಹೊಸದಾಯಿತು, ವ್ಯಾನಿನವನ ಖರ್ಚನ್ನೂ ಕೊಟ್ಟದ್ದಾಯಿತು. ಸಿಡಿ ಡಬ್ಬಿಯನ್ನು ಮಗಳೇ ಸೀಟಿನಡಿಗೆ ತಳ್ಳಿದ್ದಳು. ನನಗಿದ್ದದ್ದು ಒಂದೇ ಭಯ. ಸಟನ್ ಕೋಲ್ಡ್‌ಫೀಲ್ಡಿನಲ್ಲಿರುವ ನನ್ನ ಗಂಡನ ಅಕ್ಕನ ಮನೆಗೆ ಹೋಗುವುದು ಮೊದಲೇ ಗೊತ್ತುಮಾಡಿದ್ದಾಗಿತ್ತು. ಅದೂ ಒಂದು ನೈಟ್ ಡ್ಯೂಟಿ ಮುಗಿದ ಬೆಳಿಗ್ಗೆಯೇ. ಆಸ್ಪತ್ರೆಯ ಪಾಳಿ ಪಟ್ಟಿ ಹಾಗಿತ್ತು. ದಾರಿ ಇನ್ನೂ ಉದ್ದ.

"ಬಂದು ಸ್ವಲ್ಪ ಮಲಗಿ ಹೊರಡೋಣ" ಎಂದರು ಅವರು, ನಾನು ಕೇಳದೆಯೇ.

"ಸ್ವಲ್ಪ ಅಂದ್ರೆ?"

"ನೀನು ಒಂದು ಸಲ ಹೇಳಿದ್ದು ಸಾಕಾಗಲಿಲ್ವಾ? ಎಲ್ಲರ ಮುಂದೆ?"

ಹೊಸ್ತಿಲಲ್ಲಿ ಅತ್ತೆ ನಿಂತಿದ್ದರು.

"ನಾನು ಆ ಕಾರಲ್ಲಿ ಕೂರಲ್ಲ" ಎಂದರು. "ಮಗೂನೂ ಕೂರಿಸಲ್ಲ."

"ಅಮ್ಮ, ನೀನೂ ಶುರು ಮಾಡಬೇಡ."

"ನನಗೆ ಗೊತ್ತಿತ್ತು ಕಣೋ." ಅವರು ಅಡುಗೆಮನೆಯ ಕುರ್ಚಿಯಲ್ಲಿ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು. "ಚಿಕ್ಕವನಿದ್ದಾಗ ನೀನು ಕಥೆ ಕೇಳ್ತಾ ಕೇಳ್ತಾ ನಿದ್ದೆ ಹೋಗ್ತಿದ್ದೆ, ಹೂಂ ಮಾತ್ರ ನಿಲ್ತಿರಲಿಲ್ಲ. ನಿಮ್ಮಪ್ಪ, ನಾನು ಆಟ ಆಡ್ತಿದ್ವಿ. ಆಮೇಲೆ ರಾಜ ನಿನ್ನ ಚಡ್ಡಿ ಹಾಕ್ಕೊಂಡು ಕಾಡಿಗೆ ಹೋದ ಅಂದ್ರೆ ಹೂಂ ಅಂತಿದ್ದೆ. ರಾಣಿ ಒಲೆ ನುಂಗಿದಳು ಅಂದ್ರೂ ಹೂಂ. ಬಿದ್ದು ಬಿದ್ದು ನಗ್ತಿದ್ವಿ. ನಿನ್ನ ಹೂಂ ನಂಬೋ ಹಂಗಿಲ್ಲ ಅಂತ ನನಗೊಬ್ಬಳಿಗೇ ಗೊತ್ತಿದ್ದದ್ದು. ಅವತ್ತು ಹಿಂದೆ ಕೂತ್ಕೊಂಡು ನಾನೂ ನಕ್ಕೆ. ಆಮೇಲೆ ಅಷ್ಟು ಜನರ ಮುಂದೆ ಮಗೂನ ಸುಳ್ಳಿ ಮಾಡಿದೆ."

ಅವರು ಅಳಲಿಲ್ಲ. ಮಗನ ಮುಖ ನೋಡಲೂ ಇಲ್ಲ. ಆ ನಗು ಅವರಿಗೂ ಕೇಳಿಸುತ್ತಿದೆ ಎಂದು ನನಗೆ ತಿಳಿದದ್ದು ಆಗ. ನಾವಿಬ್ಬರೂ ಒಂದೇ ಮನೆಯಲ್ಲಿ, ಪಕ್ಕಪಕ್ಕದ ಕೋಣೆಗಳಲ್ಲಿ, ಅದನ್ನೇ ಕೇಳಿಸಿಕೊಳ್ಳುತ್ತಾ ಮಲಗಿದ್ದೆವು.

ನನ್ನ ಗಂಡ ಬಹಳ ಹೊತ್ತು ನಲ್ಲಿಯ ಬಳಿ ನಿಂತಿದ್ದರು. ತೊಳೆದ ಲೋಟವನ್ನೇ ಮತ್ತೆ ತೊಳೆದರು. ಆಮೇಲೆ ಹಾಲಿಗೆ ಹೋಗಿ ಫೋನ್ ತೆಗೆದುಕೊಂಡರು. ಆ ಮನೆಯಲ್ಲಿ ಗೋಡೆಗಳು ತೆಳು, ಎಲ್ಲವೂ ಕೇಳುತ್ತಿತ್ತು.

"ಅಕ್ಕಾ, ನಾವು ಈ ವಾರ ಬರ್ತಿಲ್ಲ... ಇಲ್ಲ, ಜ್ವರ ಗಿರ ಏನಿಲ್ಲ. ರಜ ಇದ್ದಾಗ, ರಾತ್ರಿ ಮಲಗೆದ್ದು ಬರ್ತೀವಿ." ಅಕ್ಕ ಕಾರಣ ಕೇಳಿರಬೇಕು. "ಸ್ಟಾಕ್‌ಪೋರ್ಟಿಗೆ ಹೋಗ್ತಾ ನಾನು ನಿದ್ದೆ ಹೋಗಿಬಿಟ್ಟಿದ್ದೆ ಕಣೇ. ಗಾಡಿ ಓಡಿಸ್ತಾ. ಒಬ್ಬರನ್ನ ಸಾಯಿಸಿಬಿಡ್ತಿದ್ದೆ." ಅಕ್ಕ ಲಾರಿಯ ಮಾತು ಎತ್ತಿರಬೇಕು. "ಇಲ್ಲ, ಲಾರಿ ಗೀರಿ ಇಲ್ಲ. ಅದು ಸುಳ್ಳು."

ಅತ್ತೆ ಊರಿಗೆ ಹೊರಡುವ ಮುಂಚಿನ ವಾರ ಅಡುಗೆಮನೆಯಲ್ಲಿ ಬೀನ್ಸ್ ಮುರಿಯುತ್ತಾ ಇದ್ದಕ್ಕಿದ್ದಂತೆ ಕೇಳಿದರು. "ಆ ಹುಡುಗಿಗೆ ತಮ್ಮ ಸಿಕ್ಕಿದನಾ?"

ನನಗೆ ಗೊತ್ತಿರಲಿಲ್ಲ. ಮಗಳು ಕಾರಿನ ಸೀಟಿನಡಿಯಿಂದ ಡಬ್ಬಿ ತಂದಳು. ಇವರು ಪ್ಲೇಯರ್ ರಿಪೇರಿ ಮಾಡಿಸಿ ತಂದರು. ಬ್ರೆಡ್ ಡಬ್ಬಿಯ ಪಕ್ಕ ಅದನ್ನಿಟ್ಟು ಉಳಿದ ಕಥೆ ಕೇಳಿದೆವು. ಹಳೆಯ ಹಾಗೆಯೇ ನಾನು ನಿಲ್ಲಿಸಿ ನಿಲ್ಲಿಸಿ ಹೇಳಿದೆ. ಆದರೆ ಅತ್ತೆ ಹೂಂ ಎನ್ನಲಿಲ್ಲ. ಬೀನ್ಸ್ ಕೆಳಗಿಟ್ಟು, ನನ್ನನ್ನೇ ನೆಟ್ಟ ಕಣ್ಣಿಂದ ನೋಡುತ್ತಾ, ನಾನು ನಿಂತಾಗೆಲ್ಲ "ಕೇಳಿಸ್ಕೊಂಡೆ, ಮುಂದೆ ಹೇಳು" ಎಂದರು. ಮಗಳು ತನ್ನ ಮುರುಕು ಕನ್ನಡದಲ್ಲಿ ಅದನ್ನೇ ಹೇಳಿದಳು. "ಕೇಳ್ಸ್‌ಕೊಂಡೆ, ಮುಂದೆ."

ಹುಡುಗಿ ಒಂದೇ ಒಂದು ದೀಪದೊಂದಿಗೆ ಕೊನೆಯ ಕೋಟೆಯ ಮೆಟ್ಟಿಲು ಹತ್ತುತ್ತಿದ್ದಳು. ನಾನು ಅಲ್ಲಿಗೆ ಪಾಝ್ ಒತ್ತಿದೆ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ನನ್ನ ಗಂಡ, ಅಭ್ಯಾಸದಂತೆ, "ಹೂಂ" ಎಂದರು.

ನಾವು ಮೂವರೂ ಒಟ್ಟಿಗೆ ತಿರುಗಿ ಅವರ ಕಣ್ಣು ನೋಡಿದೆವು. ಯಾರೂ ನಗಲಿಲ್ಲ.

"ಎದ್ದಿದ್ದೀನಿ" ಎಂದರು ಅವರು, ಮೆಲ್ಲಗೆ. "ಎದ್ದೇ ಇದ್ದೀನಿ. ಹೇಳು."